ಸುಟ್ಟದ್ದು ಪ್ಲೇಟು, ಸುಟ್ಟವರು ಯಾರು?

ಈಸೂರು ಎಂದೊಡನೆ 1942 ನೆನಪಾಗುತ್ತದೆ. ಬ್ರಿಟಿಷರ ಆಳ್ವಿಕೆ ಒಲ್ಲೆವೆಂದು ತಮ್ಮದೇ ಸರ್ಕಾರ ಕಟ್ಟಿಕೊಂಡ ಹಳ್ಳಿಯ ಕಥೆ ಶಿಕಾರಿಪುರ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಈ ಬರಹಕ್ಕೆ ಬೇಕಾದ ಇಸವಿ ಮಾತ್ರ 2014. ಆ ವರ್ಷದ ಫೆಬ್ರುವರಿಯಲ್ಲಿ ಮಾರುತಿ ಕಂಪನಿ ಸೆಲೆರಿಯೊ ಕಾರನ್ನು ಎಎಂಟಿ ಗೇರ್‌ಬಾಕ್ಸಿನೊಂದಿಗೆ ಮಾರುಕಟ್ಟೆಗೆ ತಂದಿತು. ಕ್ಲಚ್ ಪೆಡಲ್ ಇಲ್ಲದ ಕಾರು ಸಾಧಾರಣ ಸಂಸಾರದ ಕೈಗೆಟುಕಿದ್ದು ಅಲ್ಲಿಂದ. ಅದೇ ವರ್ಷ ಆಲ್ಟೊ ಕೆ10, ಟಾಟಾ ಜೆಸ್ಟ್, ಎರಡು ವರ್ಷ ಕಳೆದು ಕ್ವಿಡ್ ಬಂದವು. ಈಗ ಈಸೂರು, ಶಿರಾಳಕೊಪ್ಪ, ಆನವಟ್ಟಿ, ಸೊರಬದ ಬೀದಿಗಳಲ್ಲಿ ಆಟೊಮ್ಯಾಟಿಕ್ ಗಾಡಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅಡಿಕೆ ತೋಟದವರು, ಮೇಷ್ಟರು, ಮಂಡಿನೋವಿನ ಹಿರಿಯರು ಕೊಂಡಿದ್ದಾರೆ. ಬೆಂಗಳೂರಿನ ಮಗ ಹೊಸದು ತೆಗೆದುಕೊಂಡು ಹಳೆಯದನ್ನು ಅಪ್ಪನಿಗೆ ಬಿಟ್ಟುಹೋದ ಗಾಡಿಗಳೂ ಇವೆ.

ತೊಂದರೆ ಶುರುವಾಗುವುದು ಗಾಡಿ ಎಳೆಯದೆ ನಿಂತ ದಿನ. ಊರಿನ ಗ್ಯಾರೇಜಿನಲ್ಲಿ "ಆಟೊಮ್ಯಾಟಿಕ್ ನಾವು ಬಿಚ್ಚಲ್ಲ ಸಾರ್, ಶಿವಮೊಗ್ಗಕ್ಕೆ ತಗೊಂಡ್ ಹೋಗಿ" ಎನ್ನುತ್ತಾರೆ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಸಾಗಿಸಿದರೆ ಎಷ್ಟೋ ಸಲ ಸಿಗುವ ಉತ್ತರ "ಗೇರ್‌ಬಾಕ್ಸ್ ಅಸೆಂಬ್ಲಿಯೇ ಬದಲಾಯಿಸಬೇಕು" ಎಂಬುದು. ಬಿಚ್ಚುವುದಿಲ್ಲ ಎನ್ನುವವರಿಗೂ ಬದಲಾಯಿಸಿ ಎನ್ನುವವರಿಗೂ ನಡುವೆ ಒಂದು ಕೆಲಸ ಬಾಕಿ ಉಳಿಯುತ್ತದೆ: ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ನೋಡುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಕ್ಲಚ್ ತಾನಾಗಿ ಸಾಯುವುದು ಅಪರೂಪ. ಒತ್ತಡ ಸಾಲದೆ, ತೈಲ ಕೆಟ್ಟು, ಬಿಸಿ ಏರಿ, ಸೀಲ್ ಸೋರಿ, ಇಲ್ಲವೇ ಕಾಲು ತಪ್ಪಾಗಿ ಆಡಿ ಅದನ್ನು ಕೊಲ್ಲುತ್ತವೆ. ಕಾರಣ ಹುಡುಕದೆ ಹೊಸ ಪ್ಲೇಟು ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಎರಡು ಪೆಡಲ್ ಇದ್ದದ್ದೆಲ್ಲ ಒಂದೇ ಜಾತಿಯಲ್ಲ. ಎಎಂಟಿ ಎಂದರೆ ನಮ್ಮ ಹಳೆಯ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಮೋಟಾರು, ಹೈಡ್ರಾಲಿಕ್ ಪಂಪು, ಕಂಪ್ಯೂಟರ್ ಮಾಡುತ್ತವೆ. ಇನ್ನೋವಾ ಕ್ರಿಸ್ಟಾ, ಎಕ್ಸ್‌ಯುವಿ 500, ಈಗಿನ ಬ್ರೆಜಾಗಳಲ್ಲಿರುವುದು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸು. ಅದರಲ್ಲಿ ತೈಲದಲ್ಲಿ ಮುಳುಗಿದ ಬಹುಪದರದ ಕ್ಲಚ್‌ಗಳಿರುತ್ತವೆ. ಬಲೆನೊ, ಅಮೇಜ್, ಸಿಟಿಗಳಲ್ಲಿ ಸಿವಿಟಿ ಬಂತು. ಅದರ ಮುಖ್ಯ ಅಂಗ ಉಕ್ಕಿನ ಬೆಲ್ಟು. ಹಳೆಯ ಪೋಲೊ ಜಿಟಿ, ವೆನ್ಯೂ ಟರ್ಬೊ, ಸೆಲ್ಟೋಸ್ ಟರ್ಬೊಗಳಲ್ಲಿ ಎರಡು ಕ್ಲಚ್‌ಗಳ ಡಿಸಿಟಿ ಇದೆ. ಒಂದರ ರೋಗಕ್ಕೆ ಇನ್ನೊಂದರ ಮದ್ದು ಹಿಡಿಯುವುದಿಲ್ಲ. ಯಾವ ಜಾತಿಯ ಪೆಟ್ಟಿಗೆ ಎಂದು ಮೊದಲು ಕೇಳದ ಮೆಕ್ಯಾನಿಕ್ಕಿನ ಕೈಗೆ ಕೀಲಿ ಕೊಡಬಾರದು.

ವಿಚಿತ್ರವೆಂದರೆ "ಮುಟ್ಟಲ್ಲ" ಎನ್ನುವ ಊರಿನ ಮೆಕ್ಯಾನಿಕ್ಕಿಗೆ ಈ ನಾಲ್ಕರ ಅಂಗಾಂಗಗಳೂ ಬೇರೆ ಬೇರೆ ಗಾಡಿಗಳಲ್ಲಿ ಆಗಲೇ ಪರಿಚಯ. ಸ್ಪ್ಲೆಂಡರ್ ಬೈಕಿನ ಕ್ಲಚ್ ಕವರ್ ತೆಗೆದರೆ ಸಿಗುವ ಬಿರಡೆ ಪ್ಲೇಟು, ಉಕ್ಕಿನ ಪ್ಲೇಟು, ಮತ್ತೆ ಬಿರಡೆ, ಮತ್ತೆ ಉಕ್ಕು — ಇನ್ನೋವಾದ ಗೇರ್‌ಬಾಕ್ಸಿನೊಳಗಿನ ಕ್ಲಚ್ ಕಟ್ಟೂ ಇದೇ ಜೋಡಣೆ. ಅಲ್ಲಿ ಒತ್ತುವುದು ಕೇಬಲ್ ಬದಲು ತೈಲದ ಒತ್ತಡ. ಆಕ್ಟಿವಾದ ಬೆಲ್ಟು ಮತ್ತು ಪುಲ್ಲಿ ಬದಲಿಸಿದವರಿಗೆ ಸಿವಿಟಿಯ ತತ್ತ್ವ ಗೊತ್ತು. ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನಲ್ಲಿ ಡಬಲ್ ಕ್ಲಚ್, ಆಯಿಲ್ ಬ್ರೇಕ್ ಎರಡನ್ನೂ ಬಿಚ್ಚಿ ಕಟ್ಟಿದ ಕೈಗಳು ಶಿರಾಳಕೊಪ್ಪದಲ್ಲಿ ಬೇಕಾದಷ್ಟಿವೆ. ಕೈಗೆ ಕೊರತೆಯಿಲ್ಲ. ಕೊರತೆ ಇರುವುದು ಸ್ಕ್ಯಾನರ್, ಅಳತೆಯ ಪಟ್ಟಿ ಮತ್ತು ಯಾವ ಗೇರಿನಲ್ಲಿ ಯಾವ ಕ್ಲಚ್ ಹಿಡಿಯುತ್ತದೆ ಎಂಬ ಕೋಷ್ಟಕಕ್ಕೆ.

ಎಎಂಟಿಯಿಂದ ಆರಂಭಿಸೋಣ, ನಮ್ಮ ಕಡೆ ಹೆಚ್ಚು ಓಡಾಡುವುದು ಅದೇ. ಅದರ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮ್ಯಾನ್ಯುಯಲ್ ಕಾರಿನ ಜಾತಿಯವೇ. ಒಣ ಪ್ಲೇಟು, ಗಾಳಿಯಿಂದಷ್ಟೇ ತಣಿಯಬೇಕು. ಚಡಾವಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಲಘುವಾಗಿ ಒತ್ತಿ ಗಾಡಿಯನ್ನು ಹಿಂದೆ ಜಾರದಂತೆ ಹಿಡಿಯುವ ಅಭ್ಯಾಸ ಅನೇಕರಿಗಿದೆ. ಆಗ ಕಂಪ್ಯೂಟರ್ ಅರ್ಧ ಕ್ಲಚ್‌ನಲ್ಲೇ ಪ್ಲೇಟನ್ನು ಉಜ್ಜಿಸುತ್ತಿರುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ಎಡಗಾಲಿಗೆ ಗೊತ್ತಾಗುತ್ತಿದ್ದ ಆ ಸಂಕಟ ಇಲ್ಲಿ ಯಾವ ಕಾಲಿಗೂ ಗೊತ್ತಾಗುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುತ್ತ, ಹುಲಿಕಲ್ ಘಾಟಿಯ ಮಂಜಿನಲ್ಲಿ ಆಮೆಗತಿಯಲ್ಲಿ ಏರುತ್ತ, ಹೀಗೆ ಹತ್ತಿಪ್ಪತ್ತು ಸಲ ಮಾಡಿದರೆ ಸುಟ್ಟ ವಾಸನೆ ಬಂದೇ ಬರುತ್ತದೆ. ಘಾಟಿಯಲ್ಲಿ ನಿಂತರೆ ಬ್ರೇಕು ಅಥವಾ ಹ್ಯಾಂಡ್‌ಬ್ರೇಕು ಹಿಡಿಯಬೇಕು, ಏರುವಾಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಕೆಳಗಿನ ಗೇರಿನಲ್ಲೇ ಉಳಿಸಬೇಕು. ಎಎಂಟಿ ಕ್ಲಚ್ಚಿನ ಆಯುಸ್ಸನ್ನು ಇದಕ್ಕಿಂತ ಅಗ್ಗವಾಗಿ ಹೆಚ್ಚಿಸುವ ದಾರಿ ಇಲ್ಲ.

ಪತ್ತೆಯ ವಿಷಯಕ್ಕೆ ಬಂದರೆ, ನಿಜವಾಗಿ ಸವೆದ ಪ್ಲೇಟು ಮೇಲಿನ ಗೇರಿನಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕನೇ ಗೇರಿನಲ್ಲಿ ಏರು ರಸ್ತೆಯಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಕೂಗು ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಹೊರಡುವಾಗ ಗಡಗಡ ನಡುಗಿದರೆ ಎಂಜಿನ್ನಿನ ಹಿಂಭಾಗದ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ತೈಲ ತಾಗಿರಬಹುದು, ಫ್ಲೈವೀಲ್ ಮೇಲೆ ಬಿಸಿಯ ನೀಲಿ ಕಲೆಗಳೂ ಬಿದ್ದಿರಬಹುದು. ಪ್ಲೇಟು ಬದಲಿಸಿ ಸೀಲ್ ಬಿಟ್ಟರೆ ಆ ಕೆಲಸ ವ್ಯರ್ಥ.

ಆದರೆ "ಗೇರ್ ಬೀಳ್ತಿಲ್ಲ", "ಎನ್ ಮಿನುಗ್ತಿದೆ" ಎಂಬ ದೂರುಗಳಲ್ಲಿ ಕ್ಲಚ್ ಪ್ಲೇಟಿನ ಪಾಲು ಕೆಲವು ಸಲ ಏನೂ ಇರುವುದಿಲ್ಲ. ಎಎಂಟಿಗೆ ಮೊದಲು ಬೇಕಾದದ್ದು ಗಟ್ಟಿ ಬ್ಯಾಟರಿ. ಎರಡನೆಯದು ಬ್ರೇಕ್ ಲೈಟ್ ಸ್ವಿಚ್ಚು; ಬ್ರೇಕ್ ಒತ್ತಿದ್ದು ಕಂಪ್ಯೂಟರಿಗೆ ತಿಳಿಯದಿದ್ದರೆ ಅದು ಗೇರ್ ಹಾಕಲು ಒಪ್ಪುವುದೇ ಇಲ್ಲ. ಹಿಂದಿನ ಬ್ರೇಕ್ ದೀಪ ಉರಿಯುತ್ತಿದೆಯೇ ಎಂದು ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿದರೆ ಮುಗಿಯಿತು. ಮೂರನೆಯದು ಆಕ್ಚುಯೇಟರಿನ ಹೈಡ್ರಾಲಿಕ್ ತೈಲ, ಪಂಪಿನ ರಿಲೇ, ಒತ್ತಡ ಕೂಡಿಡುವ ಅಕ್ಯುಮ್ಯುಲೇಟರು. ಮಾರುತಿಯ ಅನೇಕ ಎಎಂಟಿಗಳಲ್ಲಿ ಚಾಲಕನ ಬಾಗಿಲು ತೆರೆದಾಗ ಕೇಳುವ ಗುಂಯ್ ಸದ್ದು ಈ ಪಂಪಿನದು. ಆ ಸದ್ದು ನಿಂತುಹೋದರೂ ಪದೇಪದೇ ಬಂದರೂ ಅದು ಸುಳಿವೇ. ಇಷ್ಟನ್ನೂ ನೋಡಿದ ಮೇಲೆ ಗೇರ್‌ಬಾಕ್ಸ್ ಇಳಿಸುವ ಮಾತಾಡಬೇಕು.

ಇಳಿಸಿ, ಹೊಸ ಪ್ಲೇಟು ಹಾಕಿ, ಏರಿಸಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಹಳೆಯ ಸವೆದ ಪ್ಲೇಟು ಎಲ್ಲಿ ಹಿಡಿಯುತ್ತಿತ್ತು ಎಂಬ ಲೆಕ್ಕ ಕಂಪ್ಯೂಟರಿನ ನೆನಪಿನಲ್ಲಿ ಹಾಗೇ ಇರುತ್ತದೆ. ಹೊಸ ದಪ್ಪನೆಯ ಪ್ಲೇಟಿನ ಹಿಡಿತದ ಬಿಂದುವನ್ನು ಸ್ಕ್ಯಾನರ್ ಜೋಡಿಸಿ ಕಲಿಸಬೇಕು. ಕಲಿಸದೆ ಬಿಟ್ಟರೆ ಗಾಡಿ ಜರ್ಕ್ ಹೊಡೆಯುತ್ತದೆ, ಮಾಲೀಕರು "ಡೂಪ್ಲಿಕೇಟ್ ಪ್ಲೇಟ್ ಹಾಕಿದ್ದಾನೆ" ಎನ್ನುತ್ತಾರೆ, ಒಳ್ಳೆಯ ಕೈಗೆ ಕೆಟ್ಟ ಹೆಸರು ಬರುತ್ತದೆ. ನನ್ನ ಮಟ್ಟಿಗೆ, ಸಣ್ಣ ಊರಿನ ಗ್ಯಾರೇಜುಗಳು ಎಎಂಟಿಗೆ ಹೆದರುವುದಕ್ಕೆ ಗೇರ್‌ಬಾಕ್ಸಿಗಿಂತ ಈ ಕೊನೆಯ ಹಂತವೇ ಕಾರಣ.

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಕಥೆ ದೊಡ್ಡದು, ಹಳೆಯದೂ ಹೌದು. ತೈಲದ ಮೂಲಕ ಶಕ್ತಿ ದಾಟಿಸುವ ಈ ಯಂತ್ರದ ಪೇಟೆಂಟನ್ನು ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲೇ ಪಡೆದಿದ್ದ, ಅದೂ ಹಡಗುಗಳಿಗಾಗಿ. ಅಮೆರಿಕದ ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಂದಿನಿಂದ ಕ್ಲಚ್ ಕಟ್ಟುಗಳ ರೋಗಪತ್ತೆಯ ವಿದ್ಯೆಯೂ ಬೆಳೆಯುತ್ತ ಬಂದಿದೆ. ಅದರ ತಿರುಳು ಬಹಳ ಸರಳ. ಒಂದೇ ಕ್ಲಚ್ ಹಲವು ಗೇರುಗಳಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಯಾವ ಯಾವ ಗೇರು ಕೆಟ್ಟಿದೆ ಎಂದು ನೋಡಿದರೆ ಯಾವ ಕ್ಲಚ್ ಕೆಟ್ಟಿದೆ ಎಂದು ತಿಳಿಯುತ್ತದೆ. ಹಳೆಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಫಾರ್ವರ್ಡ್ ಕ್ಲಚ್ ಒಂದು, ಎರಡು, ಮೂರರಲ್ಲೂ ಹಿಡಿಯುತ್ತದೆ. ಡೈರೆಕ್ಟ್ ಕ್ಲಚ್ ಮೂರರಲ್ಲಿ ಮತ್ತು ರಿವರ್ಸಿನಲ್ಲಿ ಮಾತ್ರ. ಮುಂದೆ ಹೋಗದು, ರಿವರ್ಸ್ ಚೆನ್ನಾಗಿದೆ ಎಂದರೆ ಮೊದಲನೆಯದರ ಮೇಲೆ ಅನುಮಾನ. ಒಂದು, ಎರಡು ಸರಿ, ಮೂರೂ ರಿವರ್ಸೂ ಜಾರುತ್ತವೆ ಎಂದರೆ ಎರಡನೆಯದರ ಮೇಲೆ. ಆರು ಗೇರಿನ ಇಂದಿನ ಪೆಟ್ಟಿಗೆಯಲ್ಲಿ ಕೋಷ್ಟಕ ಉದ್ದವಾಗಿದೆ, ತರ್ಕ ಅದೇ. ಗಾಡಿಯನ್ನು ಎತ್ತುವ ಮೊದಲೇ, ಒಂದು ಸುತ್ತು ಓಡಿಸಿ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಮಾಡಬಹುದಾದ ಕೆಲಸ ಇದು.

ಸ್ಕ್ಯಾನರ್ ಇದ್ದರೆ ಜಾರಾಟವನ್ನು ಅಂಕಿಯಲ್ಲೇ ಹಿಡಿಯಬಹುದು. ಗೇರ್‌ಬಾಕ್ಸಿನ ಒಳಬರುವ ದಂಡ ಮತ್ತು ಹೊರಹೋಗುವ ದಂಡ ಎರಡಕ್ಕೂ ವೇಗದ ಸೆನ್ಸರ್‌ಗಳಿವೆ. ಒಂದು ಗೇರಿನ ಅನುಪಾತ 1.5 ಎಂದುಕೊಳ್ಳಿ. ಹೊರದಂಡ ನಿಮಿಷಕ್ಕೆ 1,600 ಸುತ್ತು ತಿರುಗಿದರೆ ಒಳದಂಡ 2,400 ತಿರುಗಬೇಕು. ಅದು 2,900 ತೋರಿಸಿದರೆ ಆ 500 ಸುತ್ತು ಕ್ಲಚ್ಚಿನಲ್ಲಿ ಉರಿದುಹೋಗುತ್ತಿದೆ ಎಂದರ್ಥ. ಪಿ 0730, ಪಿ 0731ರಿಂದ ಪಿ 0735ರವರೆಗಿನ ಕೋಡುಗಳು ಬರುವುದು ಇದೇ ಲೆಕ್ಕ ತಪ್ಪಿದಾಗ. ಕೋಡ್ ಬಂದಿದ್ದೇ ಸೆನ್ಸರ್ ಬದಲಿಸುವವರಿದ್ದಾರೆ. ಕೋಡ್ ಹೇಳುವುದು ಅನುಪಾತ ಸರಿಯಿಲ್ಲ ಎಂದಷ್ಟೇ. ಯಾರು ಕಾರಣ ಎಂದು ಅದು ಹೇಳುವುದಿಲ್ಲ.

ಸ್ಕ್ಯಾನರ್ ಇಲ್ಲದ ಕಾಲದ ಪರೀಕ್ಷೆಗಳೂ ಇನ್ನೂ ಬದುಕಿವೆ. ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ಒತ್ತಿ ಎನ್‌ನಿಂದ ಡಿಗೆ ಹಾಕಿದರೆ ಹಿಡಿತದ ಸಣ್ಣ ಧಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ? ಟೊಯೊಟಾದ ಹಲವು ಕೈಪಿಡಿಗಳ ಪ್ರಕಾರ ಡಿಗೆ 1.2 ಸೆಕೆಂಡು, ಆರ್‌ಗೆ 1.5 ಸೆಕೆಂಡಿನೊಳಗೆ ಬರಬೇಕು. ತಡವಾದರೆ ಒತ್ತಡ ಕಡಿಮೆ, ಅಥವಾ ಪ್ಲೇಟು ಸವೆದು ಪಿಸ್ಟನ್ ಹೆಚ್ಚು ದೂರ ಚಲಿಸುತ್ತಿದೆ. ಸ್ಟಾಲ್ ಪರೀಕ್ಷೆಯಲ್ಲಿ ಬ್ರೇಕ್ ಗಟ್ಟಿಯಾಗಿ ತುಳಿದು, ಡಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಎಂಜಿನ್ ಎಷ್ಟು ಸುತ್ತಿಗೆ ಏರಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಐದು ಸೆಕೆಂಡು ಮೀರಬಾರದು. ನಿಗದಿಗಿಂತ ಹೆಚ್ಚು ಏರಿದರೆ ಒಳಗೆ ಕ್ಲಚ್ ಜಾರುತ್ತಿದೆ. ಕಡಿಮೆಯಾದರೆ ಎಂಜಿನ್ನಿಗೆ ಬಲವಿಲ್ಲ, ಅಥವಾ ಕನ್ವರ್ಟರಿನೊಳಗಿನ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಕೆಟ್ಟಿದೆ. ಈ ಪರೀಕ್ಷೆಯನ್ನು ಎಎಂಟಿ, ಡಿಸಿಟಿಗಳ ಮೇಲೆ ಮಾಡಬಾರದು. ಕುಂಟುತ್ತಿರುವ ಹಳೆಯ ಗೇರ್‌ಬಾಕ್ಸಿನ ಮೇಲೂ ನಾನಾದರೆ ಮಾಡಲು ಬಿಡುವುದಿಲ್ಲ. ಉಳಿದ ಜೀವವನ್ನೂ ಅದು ತೆಗೆಯಬಹುದು.

ಬೆಳಗಿನ ಹೊತ್ತು ಗಾಡಿ ಡಿಗೆ ಹಾಕಿದರೂ ಕದಲುವುದಿಲ್ಲ, ಹತ್ತು ನಿಮಿಷ ಎಂಜಿನ್ ಓಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ — ಸೊರಬದ ಮಾಗಿಯ ಚಳಿಯಲ್ಲಿ ಕೇಳಿಬರುವ ಈ ದೂರಿಗೆ ಅಮೆರಿಕದ ಚಳಿಯ ಊರುಗಳಲ್ಲೂ ಹಳೆಯ ಉತ್ತರವೊಂದಿದೆ. ಪಿಸ್ಟನ್ನಿನ ರಬ್ಬರ್ ಸೀಲು ಬಿಸಿಗೆ ಬೆಂದು ಗಡುಸಾಗಿದೆ. ತಣ್ಣಗಿರುವಾಗ ಅಂಚಿನಿಂದ ತೈಲ ನುಸುಳುತ್ತದೆ, ಬಿಸಿಯಾದಾಗ ಸೀಲು ಮೆತ್ತಗಾಗಿ ಕೂರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ತಣ್ಣಗಿದ್ದಾಗ ಸರಿ, ಬಿಸಿಯಾದಂತೆ ಜಾರುತ್ತದೆ ಎಂದರೆ ತೈಲ ತೆಳುವಾದಾಗ ಒತ್ತಡ ನಿಲ್ಲುತ್ತಿಲ್ಲ; ಪಂಪು, ವಾಲ್ವ್ ಬಾಡಿ, ಸೊಲೆನಾಯ್ಡುಗಳತ್ತ ನೋಡಬೇಕು. ಸಮಸ್ಯೆ ತಣ್ಣಗಿರುವಾಗಲೋ ಬಿಸಿಯಾದಾಗಲೋ ಎಂದು ಕೇಳುವುದಕ್ಕೆ ಖರ್ಚಿಲ್ಲ. ಆದರೂ ಕೇಳುವವರು ಕಡಿಮೆ.

ಮತ್ತೊಂದು ಸಾಮಾನ್ಯ ರೋಗ ಲಾಕಪ್ ಕ್ಲಚ್ಚಿನದು. ಅದು ಟಾರ್ಕ್ ಕನ್ವರ್ಟರಿನೊಳಗೇ ಇದ್ದು ಸಮವೇಗದಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕೂಡಿಸುತ್ತದೆ. ಶಿಕಾರಿಪುರದಿಂದ ಶಿವಮೊಗ್ಗದ ಹಾದಿಯಲ್ಲಿ ಅರವತ್ತು–ಎಂಬತ್ತರ ವೇಗದಲ್ಲಿ, ಲಘುವಾಗಿ ಆಕ್ಸಿಲರೇಟರ್ ಕೊಟ್ಟಾಗ, ಸಾಲು ಸಾಲು ಉಬ್ಬುಪಟ್ಟಿಗಳ ಮೇಲೆ ಹೋದಂತೆ ಗಾಡಿ ನಡುಗಿದರೆ ಆಕ್ಸಿಲರೇಟರ್ ಹಾಗೇ ಹಿಡಿದು ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಬೇಕು. ಖಾಲಿ ರಸ್ತೆಯಲ್ಲಿ ಮಾತ್ರ. ಬ್ರೇಕ್ ಸಂಕೇತ ಸಿಕ್ಕೊಡನೆ ಲಾಕಪ್ ಬಿಡುತ್ತದೆ. ನಡುಕ ಆ ಕ್ಷಣವೇ ನಿಂತರೆ ರೋಗ ಅಲ್ಲೇ ಇದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿ. ಅದು ಎಂಜಿನ್ನಿನ ಮಿಸ್‌ಫೈರ್ ಇರಬಹುದು. ಲಾಕಪ್ ನಡುಕ ಆರಂಭದ ಹಂತದಲ್ಲಿದ್ದರೆ ಸರಿಯಾದ ತೈಲ ಹಾಕಿಯೇ ಗುಣವಾಗುವುದುಂಟು. ಇದೊಂದು ಪರೀಕ್ಷೆ ಎಷ್ಟು ಗೇರ್‌ಬಾಕ್ಸುಗಳನ್ನು ಉಳಿಸಬಹುದಿತ್ತೋ ಏನೋ.

ತೈಲದ ಮಾತು ಬಂತು. ಬೈಕಿಗೆ ಕಾರಿನ ಎಂಜಿನ್ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ ಎಂದು ಊರಿನ ಪ್ರತಿ ಮೆಕ್ಯಾನಿಕ್ಕಿಗೂ ಗೊತ್ತು. ಅದಕ್ಕೇ ಡಬ್ಬಿಯ ಮೇಲೆ ಜಾಸೊ ಎಂಎ ಗುರುತು ನೋಡುತ್ತಾರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೈಲದ (ಎಟಿಎಫ್) ವಿಷಯದಲ್ಲೂ ಅಷ್ಟೇ. ಟೊಯೊಟಾ ಡಬ್ಲ್ಯುಎಸ್, ಹ್ಯುಂಡೈ ಎಸ್‌ಪಿ-4, ನಿಸಾನ್ ಸಿವಿಟಿಯ ಎನ್‌ಎಸ್-3 ಇವುಗಳಲ್ಲಿ ಜಾರಿಕೆ ಮತ್ತು ಹಿಡಿತದ ಅಳತೆ ಬೇರೆ ಬೇರೆ. ಕೆಂಪಾಗಿದೆ ಎಂಬ ಒಂದೇ ಕಾರಣಕ್ಕೆ ಪವರ್ ಸ್ಟೀರಿಂಗಿಗೆ ತಂದ ತೈಲವನ್ನು ಸಿವಿಟಿಗೆ ಸುರಿದರೆ ಬೆಲ್ಟು ಜಾರಿ ಪುಲ್ಲಿಯ ಮುಖ ಗೀರಿಹೋಗುತ್ತದೆ. ತೈಲದ ಮಟ್ಟವನ್ನೂ ಕಣ್ಣಂದಾಜಿನಲ್ಲಿ ನೋಡಲಾಗದು. ಈಗಿನ ಅನೇಕ ಪೆಟ್ಟಿಗೆಗಳಿಗೆ ಅಳತೆ ಕಡ್ಡಿಯೇ ಇಲ್ಲ. ತೈಲ ನಿಗದಿತ ಉಷ್ಣತೆಗೆ, ಹೆಚ್ಚಾಗಿ ನಲವತ್ತು ಡಿಗ್ರಿಯ ಆಸುಪಾಸಿಗೆ ಬಂದಾಗ ಎಂಜಿನ್ ಓಡುತ್ತಿರುವಂತೆಯೇ ಮಟ್ಟದ ಬೋಲ್ಟು ತೆಗೆದು ಹನಿಹನಿ ಹರಿಯುವುದನ್ನು ನೋಡಬೇಕು. "ಲೈಫ್‌ಟೈಮ್ ತೈಲ, ಬದಲಿಸಬೇಕಿಲ್ಲ" ಎಂಬ ಮಾತನ್ನು ಘಾಟಿ ಹತ್ತುವ ಗಾಡಿಗೆ ಅನ್ವಯಿಸಬಾರದು. ಮಾಮೂಲಿನಲ್ಲಿ ತೈಲ 80–90 ಡಿಗ್ರಿಯಲ್ಲಿರುತ್ತದೆ. 120 ದಾಟಿದಂತೆ ಅದು ಬೇಗ ಹಾಳಾಗುತ್ತದೆ, ಇನ್ನೂ ಮೇಲೇರಿದರೆ ಸೀಲು ಗಡುಸಾಗಿ ಪ್ಲೇಟಿನ ಅಂಟು ಬಿಡುತ್ತದೆ.

"ಆಯಿಲ್ ಬದಲಿಸಿದ್ದಕ್ಕೇ ಗೇರ್‌ಬಾಕ್ಸ್ ಹೋಯಿತು" ಎಂಬ ದೂರು ಎಲ್ಲ ಊರುಗಳಲ್ಲೂ ಇದೆ. ನಾನು ನಂಬುವುದಿಲ್ಲ. ಜನ ತೈಲ ಬದಲಿಸುವುದೇ ಜಾರಾಟ ಶುರುವಾದ ಮೇಲೆ. ಆಗಲೇ ಸುಟ್ಟಿದ್ದ ಪ್ಲೇಟು ಮುಂದಿನ ತಿಂಗಳು ಕೈಕೊಟ್ಟರೆ ಅಪವಾದ ಹೊಸ ತೈಲದ ಮೇಲೆ ಬರುತ್ತದೆ.

ಡಿಸಿಟಿಯ ಬಗ್ಗೆ ಇಷ್ಟು ವಿಸ್ತಾರವಾಗಿ ಬರೆಯಲು ನಮ್ಮ ಭಾಗದಲ್ಲಿ ಅಷ್ಟು ಗಾಡಿಗಳಿಲ್ಲ; ಆದರೆ ಅದರ ಇತಿಹಾಸ ಕೊಳ್ಳುವವರಿಗೆಲ್ಲ ಗೊತ್ತಿರಬೇಕು. ಪೋಲೊ ಜಿಟಿಯಲ್ಲಿ 2013ರಲ್ಲಿ ಬಂದ ಏಳು ಗೇರಿನ ಡಿಕ್ಯು200 ಪೆಟ್ಟಿಗೆಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಕೆ1 ಎಂಬುದು 1, 3, 5, 7ಕ್ಕೆ; ಕೆ2 ಎಂಬುದು 2, 4, 6 ಮತ್ತು ರಿವರ್ಸಿಗೆ. ನಡುಕ ಬೆಸ ಗೇರುಗಳಲ್ಲೋ ಸಮ ಗೇರುಗಳಲ್ಲೋ ಎಂದು ಗಮನಿಸಿದರೆ ಅರ್ಧ ಪತ್ತೆ ಆಯಿತು. ಅದೇ 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಕರೆಸಿಕೊಂಡು ಈ ಪೆಟ್ಟಿಗೆಯ ಸಿಂಥೆಟಿಕ್ ತೈಲ ತೆಗೆದು ಖನಿಜ ತೈಲ ಹಾಕಿಕೊಟ್ಟಿತು. ಬಿಸಿ ಹವೆಯ ದೇಶಗಳಲ್ಲಿ ಆ ತೈಲದಿಂದ ವಿದ್ಯುತ್ ಭಾಗಗಳು ಕೆಡುತ್ತಿದ್ದವು. ಫೋರ್ಡ್ ಕಂಪನಿಯ ಡಿಸಿಟಿಯಾದ ಪವರ್‌ಶಿಫ್ಟ್‌ನ ಕಥೆ ಇನ್ನೂ ಕಹಿ. ಫಿಯೆಸ್ಟಾ, ಫೋಕಸ್ ಕಾರುಗಳ ನಡುಕಕ್ಕೆ ಆಸ್ಟ್ರೇಲಿಯಾದ ಗ್ರಾಹಕರು ದೂರಿದಾಗ, ನಿಮ್ಮ ಓಡಿಸುವ ರೀತಿಯೇ ಸರಿಯಿಲ್ಲ ಎಂಬ ಉತ್ತರ ಅನೇಕರಿಗೆ ಸಿಕ್ಕಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದೇ ಬಳಗದ ಡಿಸಿಟಿ ನಮ್ಮಲ್ಲಿ ಇಕೊಸ್ಪೋರ್ಟ್ ಪೆಟ್ರೋಲಿನಲ್ಲಿ ಇತ್ತು. 2017ರ ಹೊಸ ರೂಪದಲ್ಲಿ ಟಾರ್ಕ್ ಕನ್ವರ್ಟರ್ ಬಂತು. ಕಾರು ಹಳೆಯದಾಗಿ ನಮ್ಮ ಕಡೆಗೆ ಇಳಿದು ಬರುವಾಗ ಈ ಇತಿಹಾಸವೂ ಅದರ ಜೊತೆಗೇ ಬರುತ್ತದೆ. ಚಾಲಕನ ಕಾಲನ್ನು ದೂರುವುದು ಎಷ್ಟೋ ಸಲ ನ್ಯಾಯವೇ; ಎಎಂಟಿಯ ಬಗ್ಗೆ ಬರೆಯುವಾಗ ನಾನೂ ದೂರಿದ್ದೇನೆ. ಆದರೆ ದೂರುವ ಮೊದಲು ಸೀಲು ಸೋರಿಲ್ಲ ಎಂದು ತೋರಿಸುವ ಹೊಣೆ ಬಿಚ್ಚಿದವರದು.

ಸಿವಿಟಿಯಲ್ಲಿ ಕ್ಲಚ್ ಸಾಯುವುದು ಕಡಿಮೆ. ಸಾಯುವುದು ಬೆಲ್ಟು ಮತ್ತು ಪುಲ್ಲಿ. ಹಳೆಯ ಹೋಂಡಾ ಸಿಟಿಯ ಸಿವಿಟಿಯಲ್ಲಿದ್ದ ಸ್ಟಾರ್ಟ್ ಕ್ಲಚ್ ಮಾತ್ರ ಹೊರಡುವಾಗ ನಡುಗುವುದಕ್ಕೆ ಹೆಸರುವಾಸಿ. ತೈಲ ಬದಲಿಸಿ, ಕಂಪ್ಯೂಟರಿಗೆ ಮತ್ತೆ ಹಿಡಿತ ಕಲಿಸಿದರೆ ಬಹಳಷ್ಟು ಗಾಡಿಗಳು ಸುಧಾರಿಸುತ್ತಿದ್ದವು.

ಇನ್ನು ನಮ್ಮ ಮಳೆಗಾಲದ್ದೇ ಒಂದು ಅಧ್ಯಾಯ. ಗೇರ್‌ಬಾಕ್ಸಿಗೆ ಉಸಿರಾಡುವ ಸಣ್ಣ ಕೊಳವೆಯೊಂದಿದೆ. ಬಿಸಿಯಾದ ಪೆಟ್ಟಿಗೆ ಹಳ್ಳದ ನೀರಿಗಿಳಿದು ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ ಆ ಕೊಳವೆಯಿಂದ ನೀರನ್ನು ಎಳೆದುಕೊಳ್ಳಬಹುದು. ಕ್ಲಚ್ ಬಿರಡೆ ಕಾಗದದ ನಾರು ಮತ್ತು ರಾಳದಿಂದ ಮಾಡಿದ್ದು. ನೀರು ಕುಡಿದರೆ ಅದರ ಅಂಟು ಬಿಟ್ಟು ಉಕ್ಕಿನಿಂದ ಸಿಪ್ಪೆಯಂತೆ ಕಳಚುತ್ತದೆ. ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಬೆರೆತರೂ ಇದೇ ಗತಿ. ತೈಲ ನಸುಗೆಂಪು ಹಾಲಿನಂತೆ ಕಂಡರೆ ಎಂಜಿನ್ ಮತ್ತೆ ಚಾಲೂ ಮಾಡಲೇಬಾರದು. ಇನ್ನೊಂದು ಎಚ್ಚರ: ಕೆಟ್ಟು ನಿಂತ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಗಾಡಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಶಿರಾಳಕೊಪ್ಪದವರೆಗೆ ಎಳೆಸಬಾರದು. ಎಂಜಿನ್ ನಿಂತಿರುವಾಗ ತೈಲದ ಪಂಪೂ ನಿಂತಿರುತ್ತದೆ; ಚಕ್ರಗಳು ಒಣಗಿದ ಗೇರುಗಳನ್ನು ತಿರುಗಿಸುತ್ತ ಹೋಗುತ್ತವೆ. ಹೊರಟಾಗ ಕ್ಲಚ್ ರಿಪೇರಿ ಇದ್ದದ್ದು ಮುಟ್ಟುವಷ್ಟರಲ್ಲಿ ಗೇರ್‌ಬಾಕ್ಸ್ ರಿಪೇರಿ ಆಗಿರುತ್ತದೆ. ಚಾಲನೆಯ ಚಕ್ರಗಳನ್ನು ಎತ್ತಿ, ಅಥವಾ ಗಾಡಿಯನ್ನೇ ಲಾರಿಯ ಮೇಲೆ ಹೇರಿ ಸಾಗಿಸಬೇಕು.

ಬಿಚ್ಚಿದ ಮೇಲೆ ಸುಟ್ಟ ಪ್ಲೇಟುಗಳನ್ನು ಎಸೆಯುವ ಮುಂಚೆ ಓದಬೇಕು. ಒಂದೇ ಕಟ್ಟು ಸುಟ್ಟು ಉಳಿದವು ಚೆನ್ನಾಗಿದ್ದರೆ ಆ ಕಟ್ಟಿನ ಪಿಸ್ಟನ್ ಸೀಲು, ಸೀಲಿಂಗ್ ರಿಂಗು, ಅದಕ್ಕೆ ತೈಲ ಬಿಡುವ ಸೊಲೆನಾಯ್ಡು, ವಾಲ್ವು ಇವುಗಳಲ್ಲಿ ಒಂದು ತಪ್ಪಿತಸ್ಥ. ಎಲ್ಲ ಕಟ್ಟುಗಳೂ ಸುಟ್ಟಿದ್ದರೆ ತೈಲದ ಮಟ್ಟ, ಕಟ್ಟಿಕೊಂಡ ಫಿಲ್ಟರು, ಸೋತ ಪಂಪು. ತೈಲದ ತಟ್ಟೆಯ ಅಯಸ್ಕಾಂತದ ಮೇಲೆ ನುಣುಪಾದ ಬೂದು ಲೇಪ ಇದ್ದರೆ ಅದು ಸಹಜ ಸವೆತ. ಕಣ್ಣಿಗೆ ಕಾಣುವ ಲೋಹದ ಚೂರುಗಳಿದ್ದರೆ ಬೇರಿಂಗೋ ಗೇರೋ ಹೋಗಿದೆ, ಆಗ ಪ್ಲೇಟು ಬದಲಿಸಿ ಪ್ರಯೋಜನವಿಲ್ಲ.

ಹೊಸ ಬಿರಡೆ ಪ್ಲೇಟುಗಳನ್ನು ಒಣಗಿದಂತೆ ಕಟ್ಟಬಾರದು. ಎಟಿಎಫ್‌ನಲ್ಲಿ ಕನಿಷ್ಠ ಹದಿನೈದು ನಿಮಿಷ ನೆನೆಸಬೇಕು, ಎರಡು ಗಂಟೆ ಎನ್ನುವ ಕಂಪನಿಗಳೂ ಇವೆ. ಕಟ್ಟಿದ ಮೇಲೆ ಫೀಲರ್ ಗೇಜಿನಿಂದ ಸಡಿಲವನ್ನು ಅಳೆದು, ಬೇಕಾದ ದಪ್ಪದ ಸ್ನ್ಯಾಪ್ ರಿಂಗ್ ಆರಿಸಬೇಕು. ಕೈಪಿಡಿ ಸಿಗದಾಗ ಪಳಗಿದವರು ಬಿರಡೆ ಪ್ಲೇಟಿಗೆ ಸುಮಾರು ಕಾಲು ಮಿ.ಮೀ.ನಂತೆ ಲೆಕ್ಕ ಹಾಕುತ್ತಾರೆ. ಸಿಕ್ಕರೆ ಕೈಪಿಡಿಯ ಅಂಕಿಯೇ ಮೇಲು. ಆಮೇಲೆ ಪೆಟ್ಟಿಗೆ ಮುಚ್ಚುವ ಮೊದಲೇ ಆ ಕ್ಲಚ್ಚಿನ ತೈಲದ ರಂಧ್ರಕ್ಕೆ ಕಂಪ್ರೆಸರಿನ ಗಾಳಿಯನ್ನು 30–40 ಪಿಎಸ್‌ಐ ಒತ್ತಡದಲ್ಲಿ ಬಿಟ್ಟು ನೋಡಬೇಕು. "ಟಕ್" ಎಂದು ಪಿಸ್ಟನ್ ಹಿಡಿದು ನಿಂತರೆ ಸೀಲು ಸರಿಯಿದೆ; "ಸ್ಸ್" ಎಂದು ಸೋರಿದರೆ ಮತ್ತೆ ಬಿಚ್ಚಿ. ಪಂಕ್ಚರ್ ಅಂಗಡಿಯಲ್ಲೂ ಇರುವ ಕಂಪ್ರೆಸರಿನಿಂದ ಆಗುವ ಕೆಲಸ ಇದು.

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತವೆಂದರೆ ಕೂಲರಿನ ಕೊಳವೆಗಳನ್ನು ತೊಳೆಯುವುದು. ಸುಟ್ಟ ಪ್ಲೇಟಿನ ಮಸಿ ಕೂಲರಿನಲ್ಲೂ ಟಾರ್ಕ್ ಕನ್ವರ್ಟರಿನಲ್ಲೂ ಕುಳಿತಿರುತ್ತದೆ. ಕನ್ವರ್ಟರನ್ನು ಸೀಳಿ ಸ್ವಚ್ಛ ಮಾಡಿ ಮತ್ತೆ ವೆಲ್ಡ್ ಮಾಡಿ ಸಮತೋಲನ ಮಾಡುವ ಯಂತ್ರ ದೊಡ್ಡ ನಗರಗಳಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕಳಿಸಿ ತರಿಸುವುದಕ್ಕೆ ಸೋಮಾರಿತನ ಮಾಡಿದರೆ ಹೊಸ ವಾಲ್ವ್ ಬಾಡಿಯೊಳಗೆ ಹಳೆಯ ಮಸಿ ಹೋಗಿ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ಗೇರ್‌ಬಾಕ್ಸ್ ತರಿಸಿ ಹಾಕುವವರೂ ಇದ್ದಾರೆ. ಅವಸರಕ್ಕೆ ಅದೂ ಒಂದು ದಾರಿ. ಆದರೆ ಅದು ಯಾವ ಗಾಡಿಯಿಂದ, ಯಾಕೆ ಇಳಿಯಿತು ಎಂಬುದಕ್ಕೆ ಪುರಾವೆ ಕೇಳಬೇಕು. ಅಪಘಾತದ ಗಾಡಿಯದಾದರೆ ನಂಬಬಹುದು. ಇನ್ನೊಬ್ಬರು ಕೆಟ್ಟಿತೆಂದು ಇಳಿಸಿದ್ದನ್ನು ತಂದು ಏರಿಸುವ ಅಪಾಯವೂ ಇದೆ.

ಕೈಪಿಡಿಗಳು ಯಾಕೆ ಸಿಗುವುದಿಲ್ಲ ಎಂಬುದು ರಾಜಕೀಯದ ಪ್ರಶ್ನೆಯೂ ಹೌದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ, ಕಾರು ಕಂಪನಿಗಳು ಪತ್ತೆಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ಮತ ಹಾಕಿ ಕಾನೂನು ತಂದರು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಅದರಲ್ಲಿ ಮೊಬೈಲ್, ಕೃಷಿ ಯಂತ್ರಗಳ ಜೊತೆಗೆ ವಾಹನಗಳೂ ಸೇರಿವೆ. ಒಳ್ಳೆಯ ಆರಂಭವೇ. ಆದರೆ ಮಾಲೀಕರ ಕೈಪಿಡಿ ಬೇರೆ, ಯಾವ ಗೇರಿಗೆ ಯಾವ ಕ್ಲಚ್ ಎಂದು ಹೇಳುವ ಗ್ಯಾರೇಜಿನ ಕೈಪಿಡಿ ಬೇರೆ. ಸೊರಬದ ಮೆಕ್ಯಾನಿಕ್ಕಿಗೆ ಬೇಕಾದದ್ದು ಎರಡನೆಯದು, ಅದೂ ಕನ್ನಡದಲ್ಲಿ. ಬಿಡದಿಯಲ್ಲಿ ಟೊಯೊಟಾ 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದೆ. ಹಳ್ಳಿಯ ಹುಡುಗರನ್ನು ಅಲ್ಲಿ ಒಳ್ಳೆಯ ತಂತ್ರಜ್ಞರನ್ನಾಗಿ ಮಾಡುತ್ತಾರೆ. ಐಟಿಐಗಳ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ತರಬೇತಿಯಲ್ಲೂ ಒಂದು ಕಳಚಿದ ಆಟೊಮ್ಯಾಟಿಕ್ ಗೇರ್‌ಬಾಕ್ಸು, ಒಂದು ಸ್ಕ್ಯಾನರು ಮೇಜಿನ ಮೇಲಿದ್ದರೆ ಆಗಬೇಕಾದ ಕೆಲಸದ ದೊಡ್ಡ ಪಾಲು ಆದಂತೆ. ಬಿಲ್ಲು ಅನ್ಯಾಯ ಎನಿಸಿದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರರು ತಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಗಾಡಿ ಬೆಂಗಳೂರಿನಲ್ಲಿ ಕೊಂಡದ್ದಾದರೂ ಶಿವಮೊಗ್ಗ ಸಾಕು. ಅಲ್ಲಿಗೆ ಹೋಗುವಾಗ ಬಿಚ್ಚಿದ ಹಳೆಯ ಪ್ಲೇಟುಗಳೂ ಅವುಗಳ ಫೋಟೊಗಳೂ ಕೈಯಲ್ಲಿರಬೇಕು. ಹಳೆಯ ಭಾಗಗಳನ್ನು ಕೇಳಿ ಪಡೆಯದೆ ಗ್ಯಾರೇಜಿನಿಂದ ಹೊರಡಬಾರದು.

ಬೆಂಗಳೂರಿನಿಂದ ಬರುವ ಹಳೆಯ ಆಟೊಮ್ಯಾಟಿಕ್ ಕೊಳ್ಳುವವರು ಗಾಡಿ ತಣ್ಣಗಿರುವ ಹೊತ್ತಿಗೇ ಹೋಗಬೇಕು. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಬೇಕು. ಡಿ, ಆರ್ ಎರಡಕ್ಕೂ ಹಾಕಿ ತಡ ಎಣಿಸಿ. ಅರವತ್ತರಲ್ಲಿ ಸಮವೇಗವಾಗಿ ಓಡಿಸಿ ನಡುಕ ನೋಡಿ. ಅರ್ಧ ಗಂಟೆ ಓಡಿಸಿದ ಮೇಲೆ ಒಂದು ಚಡಾವು ಹುಡುಕಿ, ನಿಂತು ಹೊರಡಿ, ರಿವರ್ಸಿನಲ್ಲೂ ಹತ್ತಿಸಿ. ಅಳತೆ ಕಡ್ಡಿ ಇದ್ದರೆ ತೈಲವನ್ನು ಬಿಳಿ ಕಾಗದದ ಮೇಲೆ ಒರೆಸಿ. ಕೆಂಪು ಅಥವಾ ತಿಳಿ ಕಂದು ಸರಿ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಸರಿಯಿಲ್ಲ. ಎಎಂಟಿಯಾದರೆ ಸ್ಕ್ಯಾನರಿನಲ್ಲಿ ಕ್ಲಚ್ ಸವೆತದ ಅಂಕಿ ಕೇಳಿ. ತೈಲ ಬದಲಿಸಿದ ರಸೀದಿ ಇದೆಯೇ, ಗಾಡಿ ನೆರೆಯಲ್ಲಿ ಮುಳುಗಿದ್ದ ಗುರುತು ಸೀಟಿನಡಿಯ ಕಾರ್ಪೆಟ್ಟಿನಲ್ಲಿ, ಸೀಟ್ ಬೆಲ್ಟಿನ ತುದಿಯಲ್ಲಿ ಕಾಣುತ್ತದೆಯೇ ನೋಡಿ. ಇದಕ್ಕೆಲ್ಲ ಮಾರುವವರು ಒಪ್ಪದಿದ್ದರೆ ಆ ಗಾಡಿಯನ್ನು ಬಿಟ್ಟು ಬರಬಹುದು, ಮಾರುಕಟ್ಟೆಯಲ್ಲಿ ಬೇರೆಯವು ಇವೆ.